ಕಬ್ಬಿನ ಟ್ರೈಲರಿನ ಹಿಂದೆ

ಮೈಸೂರು
6 ಫೆಬ್ರವರಿ 1995

ದೀಪ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿಬಿಟ್ಟು ಹರಿದು ಹಾಕು. ನಿನ್ನನ್ನು ಕೇಳದೆ ನಿನ್ನ ಹೆಸರನ್ನು ಒಬ್ಬನಿಗೆ ಹೇಳಿಬಿಟ್ಟಿದ್ದೇನೆ, ಅದನ್ನು ನಿನಗೆ ತಿಳಿಸಲೇಬೇಕು.

ಕಳೆದ ತಿಂಗಳು ನಮ್ಮ ಮನೆಯವರಿಗೆ ಅಪಘಾತವಾಯಿತು. ಕೆ.ಆರ್. ಪೇಟೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು, ಮುಸ್ಸಂಜೆ ಕಳೆದು ಕತ್ತಲಾಗುವ ಹೊತ್ತು. ಚಿನಕುರಳಿ ಇನ್ನೇನು ಬಂತು ಅನ್ನುವಾಗ, ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರೈಲರೊಂದು ಪಂಕ್ಚರಾಗಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪವಿಲ್ಲ, ಸೊಪ್ಪು ಕಟ್ಟಿಲ್ಲ, ಕಲ್ಲು ಇಟ್ಟಿಲ್ಲ. ಹೋಗಿ ಗುದ್ದಿದರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದಾರೆ. ಇನ್ನೂ ಆಸ್ಪತ್ರೆಯಲ್ಲೇ ಇದ್ದೇವೆ.

ನಿನ್ನೆ ವಾರ್ಡಿಗೆ ಒಬ್ಬ ಬಂದ. ಕೈಯಲ್ಲಿ ಕಿತ್ತಳೆ ಹಣ್ಣಿನ ಪೊಟ್ಟಣ, ಹಳೆಯ ನೆಂಟನ ಹಾಗೆ ಮಂಚದ ತುದಿಯಲ್ಲಿ ಕುಳಿತ. "ನಮ್ಮ ಲಾಯರ್ರು ಎಲ್ಲಾ ನೋಡ್ಕತಾರೆ ಕಣವ್ವ. ನೀವು ಈಗ ಏನೂ ಕೊಡಂಗಿಲ್ಲ, ಬಂದುದ್ರಲ್ಲಿ ಒಂದು ಪಾಲು ಅಷ್ಟೆಯ. ಇಲ್ಲೊಂದು ಸೈನು ಮಾಡ್ಬುಡಿ" ಅಂದ. ನೋಡಿದರೆ ಬರೀ ಖಾಲಿ ಹಾಳೆ. ಪಕ್ಕದ ಮಂಚದವರು ಆಗಲೇ ಹೆಬ್ಬೆಟ್ಟು ಒತ್ತಿದ್ದರು. ನಮ್ಮ ಅತ್ತೆ ಪುಟ್ಟಗೌರಮ್ಮ ಕೂಡ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ತಯಾರಾಗಿದ್ದರು. ನನ್ನ ಬಾಯಿಂದ ತಾನಾಗಿ ಬಂತು: "ನಮಗೆ ಲಾಯರ್ ಇದ್ದಾರೆ. ಶ್ರೀರಂಗಪಟ್ಟಣದ ದೀಪ ಅಂತ."

"ಹೆಂಗಸ್ರಾ? ಗಂಡಸ್ರು ಯಾರೂ ಸಿಗ್ನಿಲ್ವಾ?" ಅಂದ.

"ಸಿಗಲಿಲ್ಲ. ಹಣ್ಣು ಹಂಚೋಕೆ ಹೋಗಿದ್ದಾರಂತೆ" ಅಂದೆ.

ಎದ್ದವನು ಪೊಟ್ಟಣವನ್ನೂ ತೆಗೆದುಕೊಂಡೇ ಹೋದ. ಇವರು ಅಪಘಾತವಾದ ಮೇಲೆ ಮೊದಲ ಸಲ ನಕ್ಕರು.

ನಗು ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಕೃತಕ ಕಾಲು ಕೂರಿಸುವ ಮೊದಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಂತೆ. ಇವರು ನಮ್ಮೂರಿನ ಹಾಲಿನ ಡೇರಿಯಲ್ಲಿ ಕೆಲಸದಲ್ಲಿದ್ದಾರೆ. ಮುಂಜಾನೆ, ಸಂಜೆ ಕ್ಯಾನುಗಳ ನಡುವೆ ನಿಂತೇ ಮಾಡುವ ಕೆಲಸ ಅದು. ಪರಿಹಾರ ಸಿಕ್ಕಿದರೆ ಕಾಲು, ಕಾಲಿದ್ದರೆ ಕೆಲಸ. ನೀನು ಕೇಸು ತೆಗೆದುಕೊಳ್ಳುತ್ತೀಯಾ?

ಹೂಂ ಅನ್ನುವ ಮೊದಲು ಒಂದು ಮಾತು ಕೇಳು. ಆ ಟ್ರೈಲರು ಬೋರೇಗೌಡ ಮಾವನದು. ಇವರ ಸೋದರಮಾವ. ನನ್ನ ಮದುವೆ ಮಾಡಿಸಿದವರು. ಹೌದು ಕಣೆ, ಅದೇ ಟ್ರೈಲರು. ನಾವಿಬ್ಬರೂ ಹಿಂದೆ ಓಡುತ್ತಿದ್ದದ್ದು.

ಉತ್ತರದ ದಾರಿ ನೋಡುತ್ತಾ,
ಅನು

---

ಶ್ರೀರಂಗಪಟ್ಟಣ
14 ಫೆಬ್ರವರಿ 1995

ಶ್ರೀಮತಿ ಅನಸೂಯ ಚಲುವರಾಜು ಅವರಿಗೆ,

ತಮ್ಮ ಪತ್ರ ತಲುಪಿತು. ಪ್ರಕರಣ ವಹಿಸಿಕೊಳ್ಳಲು ನನ್ನ ಒಪ್ಪಿಗೆಯಿದೆ. ಬರುವಾಗ ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಕಾಗದಗಳು, ಡೇರಿಯಿಂದ ಸಂಬಳದ ದೃಢೀಕರಣ ತರತಕ್ಕದ್ದು. ಯಾವ ಖಾಲಿ ಹಾಳೆಗೂ ಮನೆಯ ಯಾರೊಬ್ಬರೂ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಕೂಡದು.

ವಾಹನದ ಮಾಲೀಕರು ಸಂಬಂಧಿಕರು ಎಂಬುದು ಪ್ರಕರಣಕ್ಕೆ ಅಡ್ಡಿಯಲ್ಲ. ಆದರೆ ಕಾನೂನಿನ ಪ್ರಕಾರ ಅವರನ್ನು ಎದುರುದಾರರನ್ನಾಗಿ ಮಾಡಲೇಬೇಕು. ಅವರ ಹೆಸರಿಗೆ ಕೋರ್ಟಿನಿಂದ ಸಮನ್ಸ್ ಹೋಗುತ್ತದೆ. ವಿಮೆ ಚಾಲ್ತಿಯಲ್ಲಿದ್ದರೆ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ, ಅವರಲ್ಲ. ಇದನ್ನು ಅವರಿಗೆ ಮುಂಚಿತವಾಗಿ ಮನೆಯವರೇ ತಿಳಿಸುವುದು ಒಳ್ಳೆಯದು.

ನಮ್ಮ ಸೀನಿಯರ್ ಕಚೇರಿ ಬಸ್ ನಿಲ್ದಾಣದ ಹಿಂದೆ, ಹೋಟೆಲಿನ ಮಹಡಿಯಲ್ಲಿದೆ.

ತಮ್ಮ ವಿಶ್ವಾಸಿ,
ದೀಪ ಎ., ವಕೀಲರು

(ಹಾಳೆಯ ಹಿಂದೆ, ಪೆನ್ಸಿಲಿನಲ್ಲಿ)
ಮಗು ಇದೆಯೆಂದು ಅಪ್ಪ ಹೇಳಿದರು. ಮೆಟ್ಟಿಲು ಕಡಿದು. ಎತ್ತಿಕೊಂಡು ಹತ್ತು.

---

ಚಿನಕುರಳಿ
9 ಏಪ್ರಿಲ್ 1995

ಪ್ರೀತಿಯ ದೀಪ,

ನಿನ್ನ ಕಚೇರಿಯಲ್ಲಿ ಮೇಡಂ ಅಂದೆ, ಕಾಗದದಲ್ಲಿ ಆ ಪದ ಬರೆಯಲು ಕೈ ಬರುತ್ತಿಲ್ಲ. ವಕಾಲತ್ತಿಗೆ ಇವರ ಸಹಿ ಹಾಕಿಸಿ ಇದರೊಂದಿಗೆ ಕಳಿಸಿದ್ದೇನೆ.

ಆವತ್ತು ನೀನು ನನ್ನ ಮುಖವನ್ನೇ ನೋಡಲಿಲ್ಲ. ತಾರೀಕು ಕೇಳಿದೆ, ಗಾಡಿಯ ನಂಬರು ಕೇಳಿದೆ, ಬರೆದುಕೊಂಡೆ. ಕಿಶನ್ ನಿನ್ನ ಕೊರಳಿನ ಬಿಳಿ ಪಟ್ಟಿ ಹಿಡಿದು ಜಗ್ಗಿದಾಗ ಮಾತ್ರ ನಕ್ಕೆ. ಆ ನಗು ಕೆ.ಆರ್. ಪೇಟೆ ಬಸ್ ನಿಲ್ದಾಣದ್ದು. ಬೂಕನಕೆರೆ ಬಸ್ಸು ತಪ್ಪಿಸಿಕೊಂಡು, ಒಂದೇ ಕಡಲೆಕಾಯಿ ಪೊಟ್ಟಣಕ್ಕೆ ಇಬ್ಬರೂ ಕೈ ಹಾಕಿ, ಸಿಪ್ಪೆಯನ್ನೆಲ್ಲ ಒಬ್ಬರ ಬ್ಯಾಗಿನೊಳಗೆ ಇನ್ನೊಬ್ಬರು ಸುರಿಯುತ್ತಿದ್ದೆವಲ್ಲ, ಆಗಿನದು.

ಮನೆಗೆ ಬಂದು ಎರಡು ವಾರವಾಯಿತು. "ಅನು, ಹೆಬ್ಬೆರಳು ತುರಿಸ್ತದೆ ಕಣೆ" ಅನ್ನುತ್ತಾರೆ. ಯಾವುದು ಅಂದರೆ ಬಲಗಾಲಿನದು. ಈಗ ಕಾಲಿರಬೇಕಾದ ಜಾಗದಲ್ಲಿ ಬರಿಯ ಹಾಸಿಗೆಯನ್ನು ಕೆರೆಯುತ್ತೇನೆ. "ಒಸಿ ಎಡಕ್ಕೆ" ಅನ್ನುತ್ತಾರೆ. ಎಡಕ್ಕೆ ಕೆರೆಯುತ್ತೇನೆ. ಅವರಿಗೆ ನಿದ್ದೆ ಹತ್ತುತ್ತದೆ. ನನಗೆ ಹತ್ತುವುದಿಲ್ಲ. ಕಿಶನ್ ಮಗ್ಗುಲು ತಿರುಗಿದರೂ ಎದ್ದು ಅವನ ಕಾಲೆರಡನ್ನೂ ಮುಟ್ಟಿ ನೋಡುತ್ತೇನೆ. ಹುಚ್ಚು ಅನ್ನಬೇಡ.

ಒಂದು ಒಳ್ಳೆಯ ಸುದ್ದಿಯನ್ನೂ ಬರೆಯಬೇಕು. ಬೋರೇಗೌಡ ಮಾವ ಒಳ್ಳೆಯವರು ಎನ್ನುವುದಕ್ಕೆ ನಿನಗೆ ಇದು ಬೇಕಾಗಬಹುದು. ಅಪಘಾತವಾದ ಮೂರನೇ ದಿನವೇ ಕೆ.ಆರ್. ಪೇಟೆಯಿಂದ ಬಣ್ಣದವನನ್ನು ಕರೆಸಿ ಟ್ರೈಲರಿನ ಹಿಂದಿನ ಹಲಗೆಗೆ ಕೆಂಪು ಬಣ್ಣ ಹೊಡೆಸಿದರಂತೆ. ಬೆಳಕು ಬಿದ್ದರೆ ಹೊಳೆಯುವ ರೇಡಿಯಂ ಪಟ್ಟಿ ಅಂಟಿಸಿದರಂತೆ. "ಇನ್ನೊಂದ್ ಮನೆ ಮಗೀಗೆ ಇಂಗಾಗ್ಬಾರ್ದು ಕಣವ್ವ" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ಅದರ ಮಾರನೆಯ ದಿನ ಪೊಲೀಸಿನವರು ಗಾಡಿಯನ್ನು ಠಾಣೆಗೆ ತರಿಸಿಕೊಂಡರು. ಕಳೆದ ವಾರ ಬಂದಾಗ ಕಿಶನ್‌ನನ್ನು ಆ ಹಲಗೆಯ ಮುಂದೆ ನಿಲ್ಲಿಸಿ ಬ್ಯಾಟರಿ ಬಿಟ್ಟು ತೋರಿಸಿದರು. ಮಗು ಕೈ ತಟ್ಟಿ ಕುಣಿಯಿತು.

ಕೇಸಿನ ವಿಚಾರ ಮಾವನಿಗೆ ಇನ್ನೂ ಹೇಳಿಲ್ಲ. ನಾನೇ ಹೇಳ್ತೀನಿ ಎಂದು ಅತ್ತೆ ದಿನಾ ಅನ್ನುತ್ತಾರೆ. ತಮ್ಮ ಬಂದು ಎದುರಿಗೆ ಕೂತರೆ ಮುದ್ದೆ ಬಡಿಸಿ, ಸಾರು ಬಡಿಸಿ, ಸುಮ್ಮನಾಗುತ್ತಾರೆ.

ನಿನ್ನ ಕಕ್ಷಿದಾರಳು (ಸರಿಯಾಗಿ ಬರೆದೆನಾ?),
ಅನು

---

ಶ್ರೀರಂಗಪಟ್ಟಣ
17 ಏಪ್ರಿಲ್ 1995

ಅನು,

ಅದು ಒಳ್ಳೆಯ ಸುದ್ದಿಯಲ್ಲ.

ನಿನ್ನ ಕಾಗದ ಓದಿದವಳೇ ಪಾಂಡವಪುರಕ್ಕೆ ಹೋಗಿ ವಾಹನ ತಪಾಸಣೆಯ ವರದಿ ನೋಡಿಕೊಂಡು ಬಂದೆ. ಬ್ರೇಕ್ ಇನ್‌ಸ್ಪೆಕ್ಟರು ಟ್ರೈಲರನ್ನು ನೋಡಿರುವುದು ಬಣ್ಣ ಹೊಡೆದ ಮಾರನೆಯ ದಿನ. 'ಹಿಂಬದಿಯ ಹಲಗೆಗೆ ಕೆಂಪು ಬಣ್ಣ ಹಾಗೂ ಬೆಳಕು ಪ್ರತಿಫಲಿಸುವ ಪಟ್ಟಿ ಇದೆ' ಎಂದು ಬರೆದಿದ್ದಾರೆ. ಅವರ ತಪ್ಪೇನಿಲ್ಲ, ಕಂಡದ್ದನ್ನು ಬರೆದರು. ಇನ್ನು ವಿಮಾ ಕಂಪನಿಯವರು ಹೇಳುವುದು ಇಷ್ಟೇ: ಅಷ್ಟು ಹೊಳೆಯುವ ಗಾಡಿ ಕಾಣಲಿಲ್ಲವೆಂದರೆ ಮೊಪೆಡ್ಡಿನವನು ಕಣ್ಣು ಮುಚ್ಚಿ ಓಡಿಸುತ್ತಿದ್ದ. ಅದು ನಿಂತರೆ ನಮ್ಮ ಕೇಸು ನಿಲ್ಲುವುದಿಲ್ಲ.

ಬಣ್ಣ ಆಮೇಲೆ ಹೊಡೆದದ್ದು ಎಂದು ನಿಮ್ಮ ಮಾವನೇ ಕೋರ್ಟಿನಲ್ಲಿ ಹೇಳಿದರೂ, 'ಸೋದರಳಿಯನಿಗೋಸ್ಕರ ಹೇಳುತ್ತಿದ್ದಾನೆ' ಅನ್ನುತ್ತಾರೆ. ಹೇಳದೇ ಹೋದರಂತೂ ಮುಗಿಯಿತು. ಒಂದು ಮಾತು ನೆನಪಿರಲಿ. ಇಂಥದ್ದನ್ನು ಹೇಳಿ ಎಂದು ನೀನು ಅವರಿಗೆ ಹೇಳಿಕೊಡಬಾರದು. ನಾನೂ ಅವರನ್ನು ಭೇಟಿ ಮಾಡುವ ಹಾಗಿಲ್ಲ. ಆದರೆ ಕೇಸಿನ ವಿಚಾರವನ್ನು ಮೊದಲು ತಿಳಿಸಿಬಿಡಿ. ಸಮನ್ಸ್ ತಾನಾಗಿ ಹೋಗಿ ಬಾಗಿಲು ತಟ್ಟಬಾರದು.

ನೀನು ನಿದ್ದೆ ಮಾಡು. ನಾನು ಯೋಚನೆ ಮಾಡುತ್ತೇನೆ.

ದೀಪ

---

ಚಿನಕುರಳಿ
5 ಸೆಪ್ಟೆಂಬರ್ 1995

ಪ್ರೀತಿಯ ದೀಪ,

ಸಮನ್ಸ್ ತಾನಾಗಿಯೇ ಹೋಗಿ ಬಾಗಿಲು ತಟ್ಟಿತು. ಹೇಳಲು ಅತ್ತೆಗೆ ಕೊನೆಗೂ ಬಾಯಿ ಬರಲಿಲ್ಲ. ಹೇಳಬೇಕಾದವರು ಅವರೇ ಎಂದು ನಾನು ಕಾದೆ.

ಮಾವ ಕಟ್ಟೆಯ ಮೇಲೆ ಎಲ್ಲರೆದುರು ಕೂಗಿದರಂತೆ: "ಎಪ್ಪತ್ತೂರು ಕಬ್ಬು ಹೊಡ್ದಿವ್ನಿ, ಒಬ್ನಾದ್ರೂ ಬೋರೇಗೌಡ್ನ ಕೋರ್ಟಿಗೆ ಎಳ್ದಿದ್ನಾ? ನಾನೇ ನೋಡಿ ತಂದ ಹೆಣ್ಣು ಎಳೀತು ಕಣ್ರಲಾ!" ಅಂದಿನಿಂದ ನಮ್ಮನೆ ಕಡೆ ಕಾಲಿಟ್ಟಿಲ್ಲ. ಟ್ರಾಕ್ಟರು ನಮ್ಮ ಬೀದಿಯ ಮುಂದೆ ಹೋಗುವುದು ಕೇಳಿಸುತ್ತದೆ. ಆ ಶಬ್ದ ನಮಗೆಲ್ಲ ಗುರುತು. ಮೊದಲು ಇಲ್ಲಿಗೆ ಬಂದಾಗ ನಿಧಾನವಾಗುತ್ತಿತ್ತು, ಈಗ ಜೋರಾಗುತ್ತದೆ. ಕಿಶನ್ ಬಾಗಿಲಿಗೆ ಓಡಿ ಹೋಗಿ ನಿಲ್ಲುತ್ತಾನೆ.

ಗೌರಿ ಹಬ್ಬಕ್ಕೆ ಮಾವ ಅಕ್ಕನಿಗೆ ಬಾಗಿನ ತರುವುದು ಒಂದು ವರ್ಷವೂ ತಪ್ಪಿರಲಿಲ್ಲವಂತೆ. ಈ ಸಲ ಅತ್ತೆ ಬೆಳಗಿನಿಂದ ತಲೆಬಾಗಿಲಿಗೆ ಮುಖ ಮಾಡಿ ಕುಳಿತಿದ್ದರು. ಮಧ್ಯಾಹ್ನ ತಿರುಗಿತು. ಇದ್ದಕ್ಕಿದ್ದಂತೆ ಎದ್ದರು. ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ತೆಂಗಿನಕಾಯಿ ಇಟ್ಟರು, ಮೇಲೊಂದು ಮೊರ ಮುಚ್ಚಿದರು, ಬೂಕನಕೆರೆ ಬಸ್ಸು ಹತ್ತಿದರು. ಕಿಶನ್‌ನನ್ನು ಎತ್ತಿಕೊಂಡು ನಾನೂ ಹಿಂದೆ ಓಡಿದೆ. ಅಕ್ಕ ತಮ್ಮನ ಮನೆಗೆ ಬಾಗಿನ ಹೊತ್ತುಕೊಂಡು ಹೋಗುವುದನ್ನು ನಾನೆಲ್ಲೂ ಕಂಡಿಲ್ಲ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಮೊರ ನೋಡಿದರು, ಅತ್ತೆಯ ಮುಖ ನೋಡಿದರು.

ಅತ್ತೆ ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಮೊರ ಇಟ್ಟು ಹೇಳಿದರು: "ತಗಳಪ್ಪ. ನೀನು ತರ್ನಿಲ್ಲ, ನಾನೇ ತಂದೆ. ನನ್ ಮಗ ಕಾಲು ಕಳ್ಕಂಡು ಬಾಯಿ ಮುಚ್ಕಂಡವ್ನೆ, ನೀನು ಎಸ್ರು ಕಳ್ಕಂಡೆ ಅಂತ ಊರ್ಗೆಲ್ಲ ಕೂಗ್ತಾ ಇದ್ದೀಯಲ್ಲಾ."

ಮಾವ ಕಂಬ ಹಿಡಿದು ನಿಂತಿದ್ದರು. ಕಿಶನ್ "ತಾತಾ, ಬ್ಯಾಟ್ರಿ" ಅಂದ. ಅವರು ಒಳಗೆ ಹೋಗಿಬಿಟ್ಟರು.

ದುಡ್ಡು ಕೊಡುವುದು ಕಂಪನಿ, ನೀವಲ್ಲ ಎಂದು ಕೂಗಿ ಹೇಳಬೇಕೆನಿಸಿತು. ನಿನ್ನ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಆಮೇಲೆ ಹೊಳೆಯಿತು, ಅಷ್ಟನ್ನು ಹೇಳಬಹುದಿತ್ತು ಅಲ್ಲವಾ? ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎನ್ನುವುದೇ ನನಗೀಗ ತಿಳಿಯದಾಗಿದೆ.

ನಿನ್ನ,
ಅನು

---

ಚಿನಕುರಳಿ
30 ಜನವರಿ 1996

ಪ್ರೀತಿಯ ದೀಪ,

ಸಂಕ್ರಾಂತಿಗೆ ಆಲೆಮನೆಯಿಂದ ಅಚ್ಚುಬೆಲ್ಲ ಬಂತು. ತಂದದ್ದು ಮಾವನ ಊರಿನ ದಾಸಯ್ಯ. "ಯಾರು ಕೊಟ್ರು ಅಂತ ಯೋಳ್ಬೇಡ ಅಂದವ್ರೆ" ಅಂದ. ಅತ್ತೆ, "ಅಂಗಾರೆ ನಾವೂ ಕೇಳಾಕಿಲ್ಲ" ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅತ್ತರು.

ಕಂಪನಿಯ ವಕೀಲರು ಮಾವನನ್ನೇ ತಮ್ಮ ಕಡೆಯ ಸಾಕ್ಷಿಯಾಗಿ ಕರೆಸುತ್ತಾರೆಂದು ಬರೆದಿದ್ದೀಯ. 'ಗಾಡಿಯ ಹಿಂದೆ ರೇಡಿಯಂ ಇತ್ತು ಅಂದರೆ ಸಾಕು, ನಿಮ್ಮ ಮೇಲೆ ತಪ್ಪೇ ಬರುವುದಿಲ್ಲ' ಎಂದು ಅವರಿಗೆ ಯಾರೋ ಹೇಳಿದ್ದಾರಂತೆ. ತಪ್ಪಿಲ್ಲ ಅನ್ನಿಸಿಕೊಳ್ಳುವುದಕ್ಕೆ ಆ ಮನುಷ್ಯ ಒಂದು ವರ್ಷದಿಂದ ಹಂಬಲಿಸುತ್ತಿದ್ದಾರೆ, ನನಗೆ ಗೊತ್ತು. ರೇಡಿಯಂ ಇತ್ತು ಎಂದು ಒಂದೇ ಮಾತು ಹೇಳಿದರೆ ಅವರಿಗೆ ನಿದ್ದೆ ಬರುತ್ತದೆ, ನಮಗೆ ಕಾಲು ಬರುವುದಿಲ್ಲ.

ಕಬ್ಬಿನ ಕಾಲ ಮತ್ತೆ ಬಂದಿದೆ. ಕಿಟಕಿಯಲ್ಲಿ ಕುಳಿತರೆ ಟ್ರೈಲರುಗಳು ಒಂದರ ಹಿಂದೊಂದು. ಜ್ಞಾಪಕ ಇದೆಯಾ, ಬೂಕನಕೆರೆಯಲ್ಲಿ ಬಸ್ಸಿಳಿದು, ಪುಸ್ತಕವನ್ನು ಎದೆಗವಚಿಕೊಂಡು ಓಡುತ್ತಿದ್ದದ್ದು? ಕಬ್ಬಿನ ತುದಿ ಗಾಡಿಯಿಂದ ಒಂದು ಮಾರು ಹೊರಗೆ ಜೋತಾಡುತ್ತಿತ್ತು. ಒಣಗಿದ ಗರಿ, ಆ ರವದಿ, ಮುಖಕ್ಕೆ ಬಡಿದು ಕೆನ್ನೆಯೆಲ್ಲ ಗೀರು. ನೀನು ಎಳೆಯುವುದು, ನಾನು ಹಿಡಿಯುವುದು. ಬೇರೆ ಡ್ರೈವರುಗಳು ಬೈದು ವೇಗ ಮಾಡುತ್ತಿದ್ದರು. ಬೋರೇಗೌಡರು ಮಾತ್ರ ನಿಧಾನ ಮಾಡಿ, ಹಿಂದೆ ತಿರುಗದೆಯೇ ಕೂಗುತ್ತಿದ್ದರು: "ಎಳ್ಕಳ್ರವ್ವ ಎಳ್ಕಳ್ರಿ, ಅಲ್ಲು ಮುರ್ಕಂಡೀರಾ!" ಕಾಲುವೆಯ ಸೇತುವೆಯ ಮೇಲೆ ಕುಳಿತು ಅಗಿಯುತ್ತಾ ಲಾ ಕಾಲೇಜಿನ ಅರ್ಜಿ ತುಂಬಿದೆವು. ನಿನ್ನದರ ಮೇಲೆ ಕಬ್ಬಿನ ರಸದ ಕಲೆ ಬಿದ್ದು ನೀನು ಇನ್ನೊಂದು ತರಬೇಕಾಯಿತು.

ಅದೇ ಬೇಸಿಗೆಯಲ್ಲಿ ಅವರು ನಮ್ಮ ಮನೆಗೆ ಬಂದು, "ಕಬ್ಬು ಕದ್ದ ಹುಡ್ಗಿ ಇದೇ ಮನೇದಾ? ನನ್ ಅಳಿಯಂಗೆ ಕೊಡಿ, ಕಬ್ಬು ಮಾಪಿ" ಅಂದದ್ದು. ಅಪ್ಪ ಹೂಂ ಅಂದರು. ನನಗೂ ಇವರನ್ನು ನೋಡಿ ಬೇಡ ಅನ್ನಿಸಲಿಲ್ಲ ದೀಪ. ನೀನು ಒಬ್ಬಳೇ ಮೈಸೂರು ಬಸ್ಸು ಹತ್ತಿದೆಯಂತೆ. ಮದುವೆಗೆ ಬರಲಿಲ್ಲ. ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡು, ಕೇಳಿದವರಿಗೆಲ್ಲ ಜನ ಬರ್ತಾರೆ ಅಂದೆಯಂತೆ. ನಿಮ್ಮಪ್ಪ ಆಮೇಲೆ ಯಾವಾಗಲೋ ಅಂಗಡಿಯಲ್ಲಿ ಸಕ್ಕರೆ ಕಟ್ಟಿಕೊಡುತ್ತಾ ಹೇಳಿದರು.

ಏನು ಬರೆಯಲು ಹೋಗಿ ಏನು ಬರೆದೆ. ಕಿಶನ್ ಎದ್ದ.

ನಿನ್ನ,
ಅನು

---

ಶ್ರೀರಂಗಪಟ್ಟಣ
19 ಜುಲೈ 1996

ಪ್ರೀತಿಯ ಅನು,

ಕಿಶನ್‌ಗೆ ದಡಾರ ಇಳಿಯಿತೇ? ನೀನು ಕೋರ್ಟಿಗೆ ಬರದಿದ್ದದ್ದೇ ಒಳ್ಳೆಯದಾಯಿತು. ನಿನ್ನ ಮುಖ ಕಂಡಿದ್ದರೆ ನನಗೆ ಆ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ಕಟಕಟೆಯಲ್ಲಿ ಟವೆಲನ್ನು ಹೆಗಲಿನಿಂದ ಕೈಗೆ, ಕೈಯಿಂದ ಹೆಗಲಿಗೆ ಬದಲಿಸುತ್ತಲೇ ಇದ್ದರು. ಕಂಪನಿಯ ವಕೀಲರು ಕೇಳಿದರು: "ಟ್ರೈಲರಿನ ಹಿಂದೆ ಕೆಂಪು ಬಣ್ಣ, ರೇಡಿಯಂ ಇದೆಯಾ?"

"ಅವೆ ಸ್ವಾಮಿ."

"ಬ್ರೇಕ್ ಇನ್‌ಸ್ಪೆಕ್ಟರು ನೋಡಿದಾಗಲೂ ಇತ್ತಾ?"

"ಇದ್ವು."

ಅಷ್ಟೇ. ವಕೀಲರು ಕುಳಿತರು. ನನ್ನ ಸರದಿ. ಬಣ್ಣ ಯಾವಾಗ ಹೊಡೆಸಿದಿರಿ ಎಂದು ಕೇಳುವುದೆಂದು ಸೀನಿಯರ್ ಜೊತೆ ಮಾತಾಗಿತ್ತು. ಎದ್ದು ನಿಂತೆ. ನಿಮ್ಮ ಮಾವ ನನ್ನನ್ನೇ ನೋಡುತ್ತಿದ್ದರು, ಗುರುತು ಹಿಡಿಯಲು ಪ್ರಯತ್ನಿಸುವವರ ಹಾಗೆ. ಆಗ ನಿನ್ನ ಜನವರಿಯ ಕಾಗದ ನೆನಪಾಯಿತು. ರವದಿ ಮುಖಕ್ಕೆ ಬಡಿಯುತ್ತಿತ್ತು ಎಂದು ಬರೆದಿದ್ದೆಯಲ್ಲ. ನಾನು ಆ ಗಾಡಿಯ ಹಿಂದೆ ಎಷ್ಟು ಸಲ ಓಡಿದ್ದೇನೆ, ಆ ಹಲಗೆಯನ್ನು ಒಂದು ದಿನವಾದರೂ ಕಂಡಿದ್ದೇನಾ?

"ಬೋರೇಗೌಡರೇ, ಕಬ್ಬು ತುಂಬಿದ ಮೇಲೆ ಹಿಂದಿನ ಹಲಗೆ ರಸ್ತೆಯವರಿಗೆ ಕಾಣುತ್ತದೆಯೇ?" ಎಂದು ಕೇಳಿದೆ.

ಟವೆಲು ನಿಂತಿತು. "ಅದ್ಯಾಕವ್ವ ನನ್ನ ಕೇಳೀಯೆ?" ಅಂದರು. "ಅಂದಾನಯ್ಯನ ಮಗ್ಳು ಅಲ್ವಾ ನೀನು? ದಿನಾ ಹಿಂದಿಂದೆ ಓಡ್ಬಂದು ಎಳೀತಿದ್ದೋಳು. ನಿನ್ ಕೈಗೆ ಕಬ್ಬು ಸಿಕ್ತಿತ್ತಾ, ಅಲ್ಗೆ ಸಿಕ್ತಿತ್ತಾ?"

ಇಡೀ ಕೋರ್ಟು ನಕ್ಕಿತು ಕಣೆ. ಬೆರಳಚ್ಚಿನವರು ಕೈ ಬಿಟ್ಟು ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, "ವಕೀಲರೇ, ಸಾಕ್ಷಿ ನಿಮ್ಮನ್ನು ಪ್ರಶ್ನೆ ಮಾಡುತ್ತಿದ್ದಾರೆ" ಅಂದರು. ನನ್ನ ಕಿವಿ ಕಾದು ಹೋಗಿತ್ತು. "ಉತ್ತರವನ್ನು ನೀವೇ ಹೇಳಬೇಕು" ಅಂದೆ.

ನಗು ನಿಂತ ಮೇಲೆ ಬೋರೇಗೌಡರು ನ್ಯಾಯಾಧೀಶರ ಕಡೆ ತಿರುಗಿದರು. ಮಾತು ಮಾತಿಗೂ ನಿಲ್ಲುತ್ತಾ ಹೇಳಿದರು: "ಕಾಣಾಕಿಲ್ಲ ಸ್ವಾಮಿ. ಕಬ್ಬೆಲ್ಲ ಮುಚ್ಕತದೆ. ಬಣ್ಣ ನಾನು ಮೂರ್ನೇ ದಿನ ಒಡ್ಸಿದ್ದು. ಮೊದ್ಲೇ ಒಡ್ಸಿದ್ರೂವೆ ಕಾಣ್ತಿರ್ನಿಲ್ಲ. ನಾನು ಒಂದು ಸೊಪ್ಪು ಮುರ್ದು ಹಿಂದ್ಕೆ ಕಟ್ಟಬೇಕಿತ್ತು. ಒಂದು ಕಲ್ಲು ಇಡ್ಬೇಕಿತ್ತು. ಬಿರ್ರನೆ ಪಂಕ್ಚರಿನವನ್ನ ಕರ್ಕಬತ್ತೀನಿ ಅಂತ ಓದೆ. ಬರಾದ್ರಲ್ಲಿ ನಮ್ಮುಡ್ಗ ಬಿದ್ದಿದ್ದ."

ಬೆರಳಚ್ಚಿನವರು ಅಷ್ಟನ್ನೂ ಬೆರಳಚ್ಚು ಮಾಡಿದರು. ಕಂಪನಿಯ ವಕೀಲರು ಸೋದರಳಿಯ, ಸಂಬಂಧ ಎಂದೇನೋ ಹೇಳುತ್ತಾ ಎದ್ದರು. ನ್ಯಾಯಾಧೀಶರು, "ಕಬ್ಬು ತುಂಬಿದ ಗಾಡಿಯನ್ನು ನಾನೂ ದಿನಾ ನೋಡುತ್ತೇನೆ" ಅಂದರು.

ಆಮೇಲೆ ನಿಮ್ಮ ಮಾವ ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದರು. ನನ್ನನ್ನು ಕಂಡು, "ಲಾಯರವ್ವ, ನಿನ್ನ ಜೊತೆಗಾತೀನ ಕದ್ಕಂಡೋದೋನು ನಾನೇ. ಅದ್ಕೂ ಒಂದು ಕೇಸ್ ಹಾಕ್ಬುಡು" ಅಂದರು.

ಆವತ್ತು ಬಸ್ಸಿನಲ್ಲಿ ಬ್ಯಾಗು ಇಟ್ಟಿದ್ದು ನಿಜ. ಪಾಂಡವಪುರ ದಾಟುವ ತನಕ ಮಾತ್ರವಲ್ಲ, ಮೈಸೂರಿನ ತನಕ.

ದೀಪ

---

ಚಿನಕುರಳಿ
12 ಜನವರಿ 1997

ಪ್ರೀತಿಯ ದೀಪ,

ತೀರ್ಪಿನ ಪ್ರತಿ ಆಗಲೇ ತಲುಪಿತ್ತು, ಆಮೇಲೆ ಕಂಪನಿಯ ದುಡ್ಡೂ ಬಂತು. ಮೊಪೆಡ್ಡಿನವರೂ ಇನ್ನಷ್ಟು ನಿಗಾ ವಹಿಸಬೇಕಿತ್ತು ಎಂದು ಕಾಲು ಭಾಗ ಕಳೆದಿದ್ದಾರೆ. "ಕಾಲು ಹೋದವನಿಗೆ ಕಾಲು ಭಾಗವೂ ಹೋಯ್ತಾ" ಎಂದು ಇವರೇ ನಗುತ್ತಾರೆ. ಉಳಿದದ್ದು ಸಾಕು. ಇನ್ನೊಂದು ಶಸ್ತ್ರಚಿಕಿತ್ಸೆಯೂ ಮುಗಿದು ಕಾಲು ಬಂದಿದೆ. ಹೊಸ ಕಾಲಿನಲ್ಲಿ ತಲೆಬಾಗಿಲಿನಿಂದ ಡೇರಿಗೆ ಹೋಗಿ ಬಂದರು. ಬಂದು ಕುಳಿತವರು, "ಇದ್ರ ಹೆಬ್ಬೆರಳು ತುರಿಸೋದಿಲ್ಲ ಕಣೆ" ಅಂದರು. ಅದನ್ನು ಬಿಚ್ಚಿಟ್ಟರೆ ಹಳೆಯದು ಈಗಲೂ ತುರಿಸುತ್ತದೆ. ನಾನು ಈಗಲೂ ಕೆರೆಯುತ್ತೇನೆ. ಆಮೇಲೆ ನನಗೂ ನಿದ್ದೆ ಬರುತ್ತದೆ, ಒಂದೊಂದು ದಿನ.

ನಿನಗೆ ಬರೆಯಬೇಕೆಂದು ಕುಳಿತದ್ದು ಬೇರೆ ವಿಷಯಕ್ಕೆ. ನಿನ್ನೆ ಸಂಜೆ ಬೀದಿಯಲ್ಲಿ ಟ್ರಾಕ್ಟರಿನ ಶಬ್ದ ನಿಧಾನವಾಯಿತು. ಅತ್ತೆ ಒಲೆಯ ಮುಂದಿನಿಂದಲೇ ತಲೆ ಎತ್ತಿದರು. ಶಬ್ದ ನಿಂತೇ ಹೋಯಿತು. ನಾವು ಹೊರಗೆ ಬರುವಷ್ಟರಲ್ಲಿ ಕಿಶನ್ ಆಗಲೇ ಗಾಡಿಯ ಹಿಂದೆ ನಿಂತಿದ್ದ.

ಕಬ್ಬು ತುಂಬಿದ ಟ್ರೈಲರು. ಆದರೆ ಹಿಂದೆ ಒಂದು ಜಲ್ಲೆಯೂ ಜೋತಾಡುತ್ತಿಲ್ಲ. ಹಲಗೆಗೆ ಸಮನಾಗಿ ತುದಿಗಳನ್ನೆಲ್ಲ ಕತ್ತರಿಸಿ, ಹಗ್ಗ ಬಿಗಿದು ಕಟ್ಟಿದ್ದಾರೆ. ಕೆಂಪು ಬಣ್ಣ, ರೇಡಿಯಂ, ಎಲ್ಲ ಬಟಾಬಯಲು. ಅದರ ಮೇಲೆ ಒಂದು ಲಾಟೀನು ಬೇರೆ. ಊರವರು "ಏನ್ ಬೋರಣ್ಣ, ಗಾಡಿಗೆ ಕ್ಷೌರ ಮಾಡ್ಸಿದ್ದೀಯಾ?" ಎಂದು ಗೇಲಿ ಮಾಡುತ್ತಾರಂತೆ. ಹಾಗೆ ಕತ್ತರಿಸಿದರೆ ಪ್ರತಿ ಸಲವೂ ತೂಕ ಕಡಿಮೆ ಬರುತ್ತದೆ, ಕೆಲಸವೂ ಹೆಚ್ಚು. "ಬರ್ಲಿ ಬುಡು" ಅಂದರು ಮಾವ.

ಇವರು ಕೋಲು ಹಿಡಿದು ಹೊರಗೆ ಬಂದರು. ಮಾವ ಇವರ ಕಾಲನ್ನು ನೋಡಲಿಲ್ಲ, ಮುಖ ನೋಡಿದರು. "ಏನ್ಲಾ ಚಲುವ, ಕಾಣ್ತದೇನ್ಲಾ?" ಎಂದು ಹಲಗೆಯ ಕಡೆ ಕೈ ಮಾಡಿದರು.

"ಕಾಣ್ತದೆ ಮಾವ" ಅಂದರು ಇವರು.

ಅತ್ತೆ ಒಳಗೆ ಹೋಗಿ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದರು.

ಕಿಶನ್ ಮಾತ್ರ ಗಾಡಿಯ ಹಿಂದೆ ಹಾಗೇ ಕೈ ಎತ್ತಿ ನಿಂತಿದ್ದ. ನಾವು ಎಳೆಯುತ್ತಿದ್ದೆವೆಂದು ನಾನು ಕಥೆ ಹೇಳಿ ಹೇಳಿ, ಅವನು ಎಳೆಯಲು ಕಾದಿದ್ದ. ಹಿಡಿಯಲು ಒಂದು ತುದಿಯೂ ಇಲ್ಲ. ಆ ರಸ್ತೆಯ ಯಾವ ಹುಡುಗ ಹುಡುಗಿಗೂ ಇನ್ನು ಬೋರೇಗೌಡರ ಗಾಡಿಯಿಂದ ಕಬ್ಬು ಸಿಗುವುದಿಲ್ಲ ಕಣೆ. ಅದು ಮುಗಿಯಿತು. ನನಗೆ ಸಂತೋಷವೂ ಆಯಿತು, ಯಾಕೋ ಬೇಸರವೂ ಆಯಿತು.

ಮಾವ ಅವನನ್ನು ನೋಡಿದರು. ಸೀಟಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಜಗಲಿಯ ಮೇಲೆ ಸುರಿದರು. ಕತ್ತರಿಸಿದ ತುದಿಗಳು ಅದರಲ್ಲಿದ್ದವು. ಮೋಟು ಮೋಟಾಗಿ, ರವದಿ ತೆಗೆದು, ಸಣ್ಣ ಕೈಗೆ ಸಿಗುವ ಹಾಗೆ. ಮಿಕ್ಕವನ್ನು ಚಿನಕುರಳಿಯ ತನಕ ಊರೂರಿನಲ್ಲೂ ಗಾಡಿ ನಿಲ್ಲಿಸಿ ಹುಡುಗರಿಗೆ ಹಂಚಿಕೊಂಡು ಬಂದಿದ್ದರಂತೆ.

ಎರಡು ತುಂಡನ್ನು ಮಾತ್ರ ಬೇರೆ ತೆಗೆದು ನನ್ನ ಕೈಗೆ ಕೊಟ್ಟರು. "ಇವು ಲಾಯರವ್ವಂಗೆ" ಅಂದರು. "ಎಳೀದೇ ಸಿಕ್ಕಿದ್ದು ರುಚಿ ಇರಾಕಿಲ್ಲ ಅಂತಳೇನೋ, ಕೇಳು."

ಬರುವ ಭಾನುವಾರ ಬಾ. ಒಣಗಿ ಹೋಗುತ್ತವೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗು ಇಡಬೇಡ, ಯಾರಾದರೂ ಕೂರಲಿ. ನಾನು ಇಲ್ಲಿ ನಿಲ್ದಾಣದಲ್ಲೇ ಇರುತ್ತೇನೆ.

ನಿನ್ನ,
ಅನು